ಕೆಂಚ, ನಾನು ಮತ್ತು ಎರಡು ಸಾವಿರ ಮೀಟರ್ ರನ್‌ವೇ

೨೬ ಅಕ್ಟೋಬರ್ ೨೦೨೫, ಭಾನುವಾರ

ಎಡಗಾಲು ಮೊಣಕಾಲಿನವರೆಗೆ ಪ್ಲಾಸ್ಟರಿನಲ್ಲಿದೆ. ಡಾಕ್ಟರು ಆರು ವಾರ ಎಂದಿದ್ದಾರೆ. ಅರವತ್ತಾರು ವರ್ಷದ ಗಂಡಸಿಗೆ ಆರು ವಾರ ಮಂಚದ ಮೇಲೆ ಕೂರು ಎನ್ನುವುದೂ ಒಂದೇ, ಹೆಂಡತಿಯ ಬಾಯಿಗೆ ಸಿಕ್ಕಿಬೀಳು ಎನ್ನುವುದೂ ಒಂದೇ. ಹೊತ್ತು ಕಳೆಯಲು ಈ ಡೈರಿ ತೆಗೆದಿದ್ದೇನೆ. ಇಲಾಖೆಯಲ್ಲಿದ್ದಾಗ ಗುತ್ತಿಗೆದಾರರು ಪ್ರತಿ ಜನವರಿಯಲ್ಲಿ ತಂದುಕೊಡುತ್ತಿದ್ದ ಡೈರಿಗಳಲ್ಲಿ ಇದೊಂದು ಖಾಲಿ ಉಳಿದಿತ್ತು. ಇದರಲ್ಲಿ ನಿಜ ಬರೆಯುತ್ತೇನೆ. ಹೊರಗೆ ಹೇಳಿರುವುದು ಸುಳ್ಳಾದ್ದರಿಂದ ನಿಜವನ್ನು ಎಲ್ಲಾದರೂ ಒಂದು ಕಡೆ ಇಡಬೇಕಲ್ಲ.

ಹೊರಗೆ ಹೇಳಿರುವುದು: ಶುಕ್ರವಾರ ಸಂಜೆ ಶಾಮನೂರಿನ ಆಚೆಯ ಹೊಸ ಬಡಾವಣೆಯ ರಸ್ತೆಯಲ್ಲಿ ಸ್ಕೂಟರಿಗೆ ನಾಯಿ ಅಡ್ಡ ಬಂತು, ಬಿದ್ದೆ.

ಆದದ್ದು: ನಾಯಿ ಇರಲಿಲ್ಲ. ಗುಂಡಿ ಇತ್ತು. ಆ ರಸ್ತೆಯನ್ನು ಪಾಸು ಮಾಡಿದ ಎಂಜಿನಿಯರು ವಾಮದೇವಪ್ಪ, ಅಂದರೆ ನಾನೇ. ೨೦೧೯ರ ಮೇ ಮೂವತ್ತೊಂದು, ನನ್ನ ನಿವೃತ್ತಿಯ ದಿನ. ಕೊರಳಲ್ಲಿ ಹಾರ, ಹೆಗಲ ಮೇಲೆ ಶಾಲು, ತೊಡೆಯ ಮೇಲೆ ಹಣ್ಣಿನ ಬುಟ್ಟಿ. ಗುತ್ತಿಗೆದಾರ ಅಳತೆ ಪುಸ್ತಕವನ್ನು ಬುಟ್ಟಿಯ ಮೇಲೇ ಬಿಡಿಸಿಟ್ಟು, “ಸಾಹೇಬ್ರ ಕೊನೇ ಸಹಿ ನಮ್ ರಸ್ತೆಗೇ ಆಗ್ಬೇಕ್ರಿ, ಅದು ನಮ್ ಭಾಗ್ಯ” ಎಂದ. ಟಾರು ಎಷ್ಟು ದಪ್ಪ ಬಿದ್ದಿದೆ ಎಂದು ಹೋಗಿ ನೋಡಿ ಸಹಿ ಹಾಕಬೇಕಿತ್ತು. ಹಾರ ತೆಗೆದು ಹೋಗಲು ಮನಸ್ಸಾಗಲಿಲ್ಲ. ಮೂವತ್ತೊಂದು ವರ್ಷದ ಸೇವೆಯಲ್ಲಿ ನೋಡದೆ ಸಹಿ ಹಾಕಿದ್ದು ಅದೊಂದೇ ಸಲ. ಮಾಡಿದ್ದುಣ್ಣೋ ಮಹಾರಾಯ ಅಂತಾರಲ್ಲ, ನನಗೆ ಬಡಿಸಲು ದೇವರು ಆರು ವರ್ಷ ತೆಗೆದುಕೊಂಡ.

ಗುಂಡಿ ಎಂದರೆ ಮುಂದಿನ ಪ್ರಶ್ನೆ “ಯಾರ್ ಹಾಕಿಸಿದ ರಸ್ತೆ ಅದು?” ಎಂಬುದೇ. ಆದ್ದರಿಂದ ಆಸ್ಪತ್ರೆಯಲ್ಲಿ ನಾಯಿ ಎಂದೆ. ಹೆಂಡತಿ ನಿರ್ಮಲಾ ಬಿಟ್ಟಾಳೆಯೇ? “ಯಾವ್ ನಾಯಿ ರೀ? ನಮ್ ಕೆಂಚನಾ? ಅವ್ನೇ ಇರ್ಬೇಕು. ನಿಮ್ ಗಾಡಿ ಹಿಂದೆ ಓಡಿ ಬರೋ ಚಟ ಐತೆ ಅವ್ನಿಗೆ” ಎಂದಳು. ಕೆಂಚ ನಮ್ಮ ಬೀದಿಯ ನಾಯಿ. ನಾಲ್ಕು ವರ್ಷದಿಂದ ದಿನಾ ಬೆಳಿಗ್ಗೆ ಅವಳ ಕೈಯ ರೊಟ್ಟಿ ತಿನ್ನುತ್ತಾನೆ. ನಾನು ಅಲ್ಲ ಎನ್ನಬಹುದಿತ್ತು. ನೋವಿಗೆ ತಲೆ ಅಲ್ಲಾಡಿತು. ಅವಳು ಅದನ್ನು ಹೌದು ಎಂದು ತಿಳಿದಳು.

೨೯ ಅಕ್ಟೋಬರ್, ಬುಧವಾರ

ನೋಡಲು ಬರುವವರ ಕಾಟ ಹೆಚ್ಚಾಗಿದೆ. ಪ್ರತಿಯೊಬ್ಬರೂ ಎರಡು ಮೂಸಂಬಿ ಮತ್ತು ಒಂದು ಉಪದೇಶ ತರುತ್ತಾರೆ.

ಇವತ್ತು ಪಕ್ಕದ ಮನೆಯ ಶಿವಮೂರ್ತಪ್ಪ ಮಾಸ್ತರು ಬಂದರು. ನಿವೃತ್ತ ಹೆಡ್‌ಮಾಸ್ತರು. ಅರ್ಜಿ ಬರೆಯುವುದೆಂದರೆ ಅವರಿಗೆ ಹೋಳಿಗೆ ಊಟ. ಜೇಬಿನಿಂದ ಹಾಳೆ ತೆಗೆದು ಕೂತರು.

“ಎಂಜಿನಿಯರ್ ಸಾಹೇಬ್ರೇ, ನಾಯಿ ಬಲಗಡೆಯಿಂದ ಬಂತೋ, ಎಡಗಡೆಯಿಂದ್ಲೋ?”

“ಎಡಗಡೆ” ಎಂದೆ. ಗುಂಡಿ ಎಡಗಡೆಯೇ ಇತ್ತು, ಅಷ್ಟರಮಟ್ಟಿಗೆ ನಿಜ.

“ಬೊಗಳ್ತೋ?”

“ಇಲ್ಲ.”

“ಬೊಗಳದೇ ಬರೋ ನಾಯಿ ಭಾಳ ಡೇಂಜರ್ ರೀ” ಎಂದು ಅದನ್ನೂ ಬರೆದುಕೊಂಡರು. ಬೀದಿಯವರೆಲ್ಲರ ಸಹಿ ಮಾಡಿಸಿ ನಾಯಿ ಹಿಡಿಯುವ ವ್ಯಾನ್ ಕರೆಸುತ್ತಾರಂತೆ. ನಾನು ಕಾಲು ನೋಯುತ್ತಿದೆ ಎಂದು ಕಣ್ಣು ಮುಚ್ಚಿದೆ.

ನಿರ್ಮಲಾ ಮೂರು ದಿನದಿಂದ ಕೆಂಚನಿಗೆ ರೊಟ್ಟಿ ಹಾಕಿಲ್ಲ. ಅವನು ಗೇಟಿನ ಹತ್ತಿರ ಕೂತು ಬಾಗಿಲು ನೋಡುತ್ತಾನೆ. ನನ್ನ ಮಂಚ ಕಿಟಕಿಯ ಪಕ್ಕದಲ್ಲೇ ಇದೆ. ಮಂಚವನ್ನು ಆಚೆ ಗೋಡೆಗೆ ಹಾಕಿಸು ಎಂದು ಹೇಳಿದರೆ, ಗಾಳಿ ಬೇಡವೇ ಎನ್ನುತ್ತಾಳೆ.

೧ ನವೆಂಬರ್, ಶನಿವಾರ

ಮಹಡಿಯ ಮೇಲೆ ಬಾಡಿಗೆಗಿರುವ ನಯೀಮ್ ಸಾಹೇಬರಿಗೆ ಮಂಡಿಪೇಟೆಯಲ್ಲಿ ಫ್ಲೆಕ್ಸ್ ಬ್ಯಾನರ್ ಅಂಗಡಿ. ಅವರ ಮಗಳು ಅಂಜುಮ್ ಬ್ಯಾನರಿನ ಚಿತ್ರ ಕೂಡಿಸುತ್ತಾಳೆ. ಹುಟ್ಟುಹಬ್ಬದ ಮುಖವನ್ನೂ ಶ್ರದ್ಧಾಂಜಲಿಯ ಮುಖವನ್ನೂ ಒಂದೇ ಸಮ ಬೆಳ್ಳಗೆ ಮಾಡುವ ಹುಡುಗಿ. ರಾಜ್ಯೋತ್ಸವದ ಬ್ಯಾನರುಗಳ ಗದ್ದಲ ನಿನ್ನೆಗೆ ಮುಗಿಯಿತೆಂದು ಇವತ್ತು ಲ್ಯಾಪ್‌ಟಾಪ್ ಹಿಡಿದು ನನ್ನನ್ನು ನೋಡಲು ಬಂದಳು.

ಕಂಪ್ಯೂಟರಿನಲ್ಲಿ ವಿಮಾನ ಹಾರಿಸುವುದು ಅವಳ ಹುಚ್ಚು. ಆಟ ಎಂದರೆ ಸಿಟ್ಟು, ಸಿಮ್ಯುಲೇಟರ್ ಎನ್ನಬೇಕು. ಅದರಲ್ಲಿ ದುಬೈ ಇದೆ, ದಿಲ್ಲಿ ಇದೆ, ದಾವಣಗೆರೆಗೆ ಮಾತ್ರ ವಿಮಾನ ನಿಲ್ದಾಣವಿಲ್ಲ. ಭೂಮಿಯ ಮೇಲೇ ಇಲ್ಲದ್ದು ಅದರಲ್ಲಿ ಎಲ್ಲಿಂದ ಬರಬೇಕು? “ಬರ್ತದೆ ಬರ್ತದೆ ಅಂತ ಕಾಯೋದಕ್ಕೆ ನನ್ಗೆ ಟೈಮ್ ಇಲ್ಲ ಅಂಕಲ್. ನಾನೇ ಕಟ್ತಿದೀನಿ” ಎಂದು ತೋರಿಸಿದಳು. ಹರಿಹರದ ಈಚೆ, ತುಂಗಭದ್ರೆ ಕಾಣುವಷ್ಟು ಹತ್ತಿರ, ಉಪಗ್ರಹದ ಚಿತ್ರದಲ್ಲಿದ್ದ ಬಯಲಿನ ಮೇಲೆ ಒಂದು ರನ್‌ವೇ ಎಳೆದಿದ್ದಳು. ತಿಂಗಳ ಕೊನೆಗೆ ಮುಗಿಸಿ ಅಂತರ್ಜಾಲಕ್ಕೆ ಹಾಕಿದರೆ ಯಾರು ಬೇಕಾದರೂ ತಮ್ಮ ಕಂಪ್ಯೂಟರಿಗೆ ಇಳಿಸಿಕೊಂಡು ಅಲ್ಲಿ ವಿಮಾನ ಇಳಿಸಬಹುದಂತೆ.

ನೋಡಿ ನಗು ಬಂತು. ನೆಲ ಕೇರಂ ಬೋರ್ಡಿನಂತೆ ಸಪಾಟು.

“ಮಳೆ ನೀರು ಎಲ್ಲಿ ಹೋಗ್ಬೇಕವ್ವಾ?” ಎಂದೆ. “ನಡು ಎತ್ತರ ಇರ್ಬೇಕು, ಎರಡೂ ಕಡೆ ಇಳಿಜಾರು. ಪಕ್ಕದಲ್ಲಿ ಚರಂಡಿ ಎಲ್ಲೈತೆ?”

“ಅಂಕಲ್, ಇಲ್ಲಿ ಬೀಳೋ ಮಳೆ ಎಲ್ಲಿಗೂ ಹರಿಯಲ್ಲ. ಬರೀ ತೋರಿಕೆ.”

“ತೋರಿಕೆ ಮಳೆಗೂ ಚರಂಡಿ ಬೇಕು.”

ಅವಳು ಲ್ಯಾಪ್‌ಟಾಪನ್ನು ನನ್ನ ಕಡೆ ತಿರುಗಿಸಿ, “ನೀವೇ ನನ್ ನೆಲದ ಎಂಜಿನಿಯರ್” ಎಂದಳು. ಸಂಬಳ ಸಂಜೆಯ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ. ಒಪ್ಪಿಕೊಂಡೆ.

೪ ನವೆಂಬರ್, ಮಂಗಳವಾರ

ಇವತ್ತು ರನ್‌ವೇ ಹಾಕಿದೆವು. ಎರಡು ಸಾವಿರ ಮೀಟರ್ ಉದ್ದ, ಮೂವತ್ತು ಮೀಟರ್ ಅಗಲ. ಟೆಂಡರ್ ಇಲ್ಲ, ಭೂಮಿಪೂಜೆ ಇಲ್ಲ, ಊಟಕ್ಕೆ ಹೋದ ಜೆಸಿಬಿ ಡ್ರೈವರನ್ನು ಕಾಯುವುದಿಲ್ಲ. ನಾನು ಮಂಚದ ಮೇಲೆ ಕೂತು ಬಾಯಲ್ಲಿ ಹೇಳುತ್ತೇನೆ, ಅವಳು ಬೆರಳಲ್ಲಿ ಹಾಕುತ್ತಾಳೆ. ಮಧ್ಯಾಹ್ನ ಎರಡು ಗಂಟೆಗೆ ಕೆಲಸ ಮುಗಿಯಿತು. ಇಂಥ ರಸ್ತೆಯನ್ನು ನಾನು ಹುಟ್ಟಿದ ಮೇಲೆ ಹಾಕಿರಲಿಲ್ಲ. ನಿರ್ಮಲಾಳನ್ನು ಕರೆದು ತೋರಿಸಿದೆ. “ಬಟ್ಟೆ ಒಣಗಾಕೋಕೆ ಚಲೋ ಐತೆ” ಎಂದು ಒಳಗೆ ಹೋದಳು.

ಅಂಜುಮ್ ಮಾತ್ರ ಗಲ್ಲಕ್ಕೆ ಕೈಹಚ್ಚಿ ಕೂತಿದ್ದಳು. “ಸುಳ್ಳು ಕಾಣ್ತದೆ ಅಂಕಲ್. ಬಿರುಕಿಲ್ಲ, ತೇಪೆ ಇಲ್ಲ, ಎಣ್ಣೆ ಕಲೆ ಇಲ್ಲ. ಯಾರ್ ನಂಬ್ತಾರೆ?”

ಸಿಟ್ಟು ನೆತ್ತಿಗೇರಿತು. “ಜೀವಮಾನದಾಗೆ ಒಂದು ಒಳ್ಳೆ ರಸ್ತೆ ಹಾಕಿದೀನಿ. ಅದನ್ನೂ ಹಾಳ್ ಮಾಡು ಅಂತೀಯಲ್ಲ!”

“ಹಾಳ್ ಮಾಡೋದಲ್ಲ ಅಂಕಲ್, ವಯಸ್ಸು ಕೊಡೋದು.”

ಸಂಜೆಯ ಮಂಡಕ್ಕಿಯನ್ನು ಮುಟ್ಟದೆ ವಾಪಸು ಕಳಿಸಿದೆ. ಮೆಣಸಿನಕಾಯಿ ಮಾತ್ರ ಇಟ್ಟುಕೊಂಡೆ.

೮ ನವೆಂಬರ್, ಶನಿವಾರ

ರಾಜಿಯಾಗಿದೆ. ವಯಸ್ಸು ಕೊಡುತ್ತೇವೆ.

ಕೆಲಸದ ರೀತಿ ಇದು. ನಿಜವಾದ ನೆಲದ ಫೋಟೋಗಳನ್ನು ನೆಟ್ಟಗೆ ಮೇಲಿನಿಂದ ತೆಗೆಯಬೇಕು, ಮೋಡವಿದ್ದಾಗ, ನೆರಳು ಬೀಳದ ಹಾಗೆ. ಪಕ್ಕದಲ್ಲಿ ಒಂದಡಿಯ ಸ್ಕೇಲ್ ಇಡಬೇಕು. ಆ ಫೋಟೋಗಳನ್ನು ಕತ್ತರಿಸಿ ಅಂಚು ಕರಗಿಸಿ ರನ್‌ವೇಯ ಮೇಲೆ ಪದರ ಪದರವಾಗಿ ಹಾಸಬೇಕು. ಅಂಜುಮ್ ಎರಡು ದಿನ ಸ್ಕೂಟಿಯಲ್ಲಿ ಊರೆಲ್ಲ ನೆಲ ನೋಡುತ್ತ ತಿರುಗಿದ್ದಾಳೆ. ಕರೂರಿನ ಕೈಗಾರಿಕಾ ಪ್ರದೇಶದಿಂದ ಲಾರಿ ನಿಲ್ಲುವ ಜಾಗದ ಎಣ್ಣೆ ಕಲೆಗಳು ಬಂದವು. ಅದರಲ್ಲಿ ಡೀಸೆಲ್ ಯಾವುದು, ಗ್ರೀಸ್ ಯಾವುದು, ಎಲೆ ಅಡಿಕೆ ಉಗುಳಿದ್ದು ಯಾವುದು ಎಂದು ಬೇರೆ ಮಾಡಿಕೊಟ್ಟವನು ನಾನು.

ಶಾಮನೂರಿನ ಕಡೆ ಟಾರೇ ಕಾಣಲಿಲ್ಲವಂತೆ. ಈಗ ಸುಗ್ಗಿ, ರಸ್ತೆಯ ಅರ್ಧ ಮೆಕ್ಕೆಜೋಳ ಹರವಿದ್ದಾರೆ. ನಿಂಗಪ್ಪ ಎಂಬ ರೈತರು, “ಫೋಟೋ ತಕ್ಕೋ ತಾಯಿ, ಜೋಳ ತುಳೀಬ್ಯಾಡ” ಎಂದರಂತೆ. ಇಬ್ಬರಿಗೂ ಒಂದೇ ಸಲ ಹೊಳೆಯಿತು. ನಮ್ಮ ಸೀಮೆಯಲ್ಲಿ ಎರಡು ಸಾವಿರ ಮೀಟರ್ ಕರಿ ನೆಲ ಕಂಡರೆ ಜನ ಜೋಳ ಹರವದೆ ಬಿಡುತ್ತಾರೆಯೇ? ಪಶ್ಚಿಮದ ತುದಿಯಲ್ಲಿ ಎಂಬತ್ತು ಮೀಟರ್ ಹರವಿಸಿದೆ. ಗಾಡಿಗಳು ಮೇಲೆ ಹತ್ತದಂತೆ ಸುತ್ತ ಕಲ್ಲು ಇಡಿಸಿದೆ. ವಿಮಾನದವರು ಬಳಸಿಕೊಂಡು ಹೋಗಲಿ.

ಒಂದು ಎಚ್ಚರ ಬೇಕಂತೆ. ಅದೇ ಕಲೆ, ಅದೇ ಬಿರುಕು ಐವತ್ತು ಮೀಟರಿಗೊಮ್ಮೆ ಬಂದರೆ ನೋಡುವವರ ಕಣ್ಣು ಹಿಡಿಯುತ್ತದೆ. “ಹಿಡಿಯಲ್ಲ ಬಿಡವ್ವ” ಎಂದೆ. “ಅಳತೆ ಪುಸ್ತಕದಾಗೆ ಇಪ್ಪತ್ತು ಪುಟ ಒಂದೇ ಅಳತೆ ಬರೆದೀವಿ. ಆಡಿಟ್‌ನೋರೇ ಹಿಡೀಲಿಲ್ಲ.”

ಅವಳು ನಕ್ಕಳು. ನಾನೂ ನಕ್ಕೆ. ಆಮೇಲೆ ಅದು ಯಾವ ರಸ್ತೆಯ ಪುಸ್ತಕ ಎಂದು ನೆನಪು ಮಾಡಿಕೊಳ್ಳಲು ಹೋಗಿ ಬಿಟ್ಟೆ.

೧೧ ನವೆಂಬರ್, ಮಂಗಳವಾರ

ಪ್ಲಾಸ್ಟರಿನೊಳಗೆ ತುರಿಕೆ. ನಿರ್ಮಲಾ ಸ್ವೆಟರ್ ಹೆಣೆಯುವ ಕಡ್ಡಿ ಕೊಟ್ಟಳು. ಕೆಂಚ ಈಗಲೂ ಗೇಟಿಗೆ ಬರುತ್ತಾನೆ. ಪಕ್ಕೆ ಎಲುಬು ಕಾಣುತ್ತಿದೆ.

೧೪ ನವೆಂಬರ್, ಶುಕ್ರವಾರ

ಶಿವಮೂರ್ತಪ್ಪ ಮಾಸ್ತರ ಅರ್ಜಿಗೆ ಇಪ್ಪತ್ತಮೂರು ಸಹಿ ಬಿದ್ದಿದೆ. ಇವತ್ತು ನನ್ನ ಮುಂದೆ ಹಿಡಿದರು. “ಬಾಧಿತರ ಸಹಿನೇ ಇಲ್ದಿದ್ರೆ ಹೆಂಗ್ರಿ?” ಅದೇ ಹೊತ್ತಿಗೆ ಲ್ಯಾಪ್‌ಟಾಪಿನಲ್ಲಿ ಟೈರಿನ ಕರಿ ಗೆರೆಗಳನ್ನು ಕೂರಿಸುತ್ತಿದ್ದೆವು. ವಿಮಾನ ಇಳಿಯುವ ಜಾಗದಲ್ಲಿ ರಬ್ಬರು ಸುಟ್ಟು ಹತ್ತುವ ಗೆರೆಗಳು, ಬಹಳ ಸೂಕ್ಷ್ಮದ ಕೆಲಸ. ಒಂದು ಕಣ್ಣು ಅಲ್ಲಿಟ್ಟು ಸಹಿ ಹಾಕಿ ಕೊಟ್ಟೆ.

ಅವರು ಗೇಟು ದಾಟಿದ ಮೇಲೆ ಅಂಜುಮ್ ಕೇಳಿದಳು, “ಏನ್ ಬರ್ದಿತ್ತು ಅಂಕಲ್ ಅದ್ರಲ್ಲಿ?”

ನಾನು ಓದಿರಲಿಲ್ಲ.

ನಿರ್ಮಲಾ ಹೇಳಿದ ಮೇಲೆ ತಿಳಿಯಿತು. ಇಪ್ಪತ್ತೊಂಬತ್ತಕ್ಕೆ ವ್ಯಾನ್ ಬರುತ್ತದೆ. ಹಿಡಿದ ನಾಯಿಯನ್ನು ಆಮೇಲೆ ಎಲ್ಲಿ ಬಿಡುತ್ತಾರೆ ಎಂದು ಕೇಳಿದೆ. “ಎಲ್ಲಾದ್ರೂ ಬಿಡ್ಲಿ. ನಿಮ್ ಕಾಲ್ ಮುರ್ದೋನು ನನ್ ಕಣ್ಮುಂದೆ ಇರೋದು ಬ್ಯಾಡ” ಎಂದಳು. ಅಷ್ಟು ಹೇಳಿ ಅಡುಗೆಮನೆಗೆ ಹೋಗಿ ತುಂಬ ಹೊತ್ತು ಪಾತ್ರೆ ಕುಕ್ಕಿದಳು. ಅವಳಿಗೂ ಹಿಂಸೆಯಾಗುತ್ತಿದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಎತ್ತು ಕಿಟಕಿಯ ಪಕ್ಕ ಕೂತು ಡೈರಿ ಬರೆಯುತ್ತಿದೆ.

೧೮ ನವೆಂಬರ್, ಮಂಗಳವಾರ

ಇವತ್ತಿನದನ್ನು ಬರೆಯಲು ಕೈ ಹೋಗುತ್ತಿಲ್ಲ. ಆದರೂ ಬರೆಯುತ್ತೇನೆ.

ಅಂಜುಮ್ ಓಡಿಕೊಂಡು ಬಂದ ರೀತಿಗೇ ತಿಳಿಯಿತು, ಏನೋ ದೊಡ್ಡ ಬೇಟೆ ಸಿಕ್ಕಿದೆ ಎಂದು. “ಅಂಕಲ್, ಎಂಥಾ ಗುಂಡಿ ಸಿಕ್ಕೈತೆ ನೋಡ್ರಿ! ಅಂಚು ನೋಡ್ರಿ, ಜಲ್ಲಿ ಎದ್ದಿರೋದು ನೋಡ್ರಿ. ರಾಣಿ ಗುಂಡಿ!”

ನೋಡಿದೆ. ಗುಂಡಿಯ ಎಡ ಅಂಚಿನಲ್ಲಿ ನೀಲಿ ಬಣ್ಣ ಗೀರಿಕೊಂಡಿತ್ತು. ಒಳಗೆ ಕನ್ನಡಿಯ ಚೂರು.

“ಇದು ಬ್ಯಾಡ” ಎಂದೆ.

“ಯಾಕ?”

“ರನ್‌ವೇದಾಗೆ ಗುಂಡಿ ಇರಲ್ಲ. ನಿಯಮ ಐತೆ.”

“ಜೋಳ ಹರವೋಕೆ ನಿಯಮ ಐತಾ?”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಕಿಟಕಿಯಾಚೆ ನಿಂತಿದ್ದ ನನ್ನ ಸ್ಕೂಟರಿನ ಕಡೆ ನೋಡಿಬಿಟ್ಟೆ. ನೀಲಿ ಸ್ಕೂಟರು, ಎಡಗಡೆಯ ಕನ್ನಡಿ ಇಲ್ಲ. ಅವಳ ಕಣ್ಣೂ ನನ್ನ ಕಣ್ಣಿನ ಹಿಂದೆಯೇ ಹೋಯಿತು. ಬ್ಯಾನರಿನ ಹುಡುಗಿ, ಬಣ್ಣ ಅವಳಿಗೆ ತಪ್ಪುವುದಿಲ್ಲ.

ಮೆಲ್ಲಗೆ ಹೇಳಿದಳು. “ಆ ಜಾಗ ಇಲ್ಲಿಂದ ಎರಡು ಕಿಲೋಮೀಟರ್ ಆಗ್ತದೆ ಅಂಕಲ್. ಕೆಂಚ ಮೂಲೆ ಅಂಗಡಿ ದಾಟಿದ್ದು ನಾನು ನೋಡೇ ಇಲ್ಲ.”

ನಾನು ಎಲ್ಲ ಹೇಳಿದೆ. ಹಾರ, ಶಾಲು, ಹಣ್ಣಿನ ಬುಟ್ಟಿ, ಎಲ್ಲ. ಮಗಳಷ್ಟೂ ವಯಸ್ಸಾಗದ ಹುಡುಗಿಯ ಮುಂದೆ ನನ್ನ ಮುಖ ಬಿಸಿಯಾಯಿತು. ಅವಳು ಬೈಯಲಿಲ್ಲ. ಗುಂಡಿಯ ಅಂಚು ಕರಗಿಸಿ, ವಿಮಾನದ ಚಕ್ರ ಮೊದಲು ನೆಲ ಮುಟ್ಟುವ ಜಾಗಕ್ಕೆ ಸರಿಯಾಗಿ ಕೂರಿಸಿದಳು. ನೀಲಿ ಗೀರನ್ನೂ ಅಳಿಸಲಿಲ್ಲ.

“ನಾನು ಯಾರಿಗೂ ಹೇಳಲ್ಲ, ಅದು ನಿಮ್ ಕೆಲ್ಸ” ಎಂದಳು. “ನೀವು ಹೇಳೋವರ್ಗೂ ಗುಂಡಿ ಇಲ್ಲೇ ಇರ್ತದೆ.”

೨೨ ನವೆಂಬರ್, ಶನಿವಾರ

ಪರೀಕ್ಷೆಗೆಂದು ಅಂಜುಮ್ ನಮ್ಮ ನಿಲ್ದಾಣವನ್ನು ಅವಳ ಬಳಗಕ್ಕೆ ಕಳಿಸಿದ್ದಳು. ಬ್ರೆಜಿಲಿನವನೊಬ್ಬ, ಪೋಲೆಂಡಿನವನೊಬ್ಬ, ನಾಸಿಕದವನೊಬ್ಬ ಬಂದು ಇಳಿದಿದ್ದಾರೆ. ಹಳದಿ ಮರಳು ಏಕೆ ಸುರಿದಿದ್ದೀರಿ ಎಂದು ಪೋಲೆಂಡಿನವನ ಪ್ರಶ್ನೆ. ನಾಸಿಕದವನು ಅವನಿಗೆ ಉತ್ತರ ಕೊಟ್ಟಿದ್ದಾನೆ, ಅದು ಮರಳಲ್ಲ, ಮಕ್ಕಾ ಎಂದು. ಮಕ್ಕಾ ಎಂದರೆ ಅವರ ಕಡೆ ಮೆಕ್ಕೆಜೋಳ. ನನ್ನ ಇಳಿಜಾರಿನ ಬಗ್ಗೆ, ಚರಂಡಿಯ ಬಗ್ಗೆ ಒಬ್ಬನೂ ಒಂದಕ್ಷರ ಬರೆದಿಲ್ಲ. ಮೂವರೂ ಹೊಗಳಿರುವುದು ಗುಂಡಿಯನ್ನು. ಇಷ್ಟು ನಿಜವಾದ ಹಾಳು ನೆಲವನ್ನು ಎಲ್ಲೂ ನೋಡಿಲ್ಲವಂತೆ. ಮೂವತ್ತೊಂದು ವರ್ಷ ದುಡಿದು ಪಡೆಯದ ಪ್ರಶಸ್ತಿ ಒಂದು ಗುಂಡಿಗೆ ಬಂತು. ನಾಚಿಕೆಯ ಜೊತೆಗೆ ಒಂದಿಷ್ಟು ಹೆಮ್ಮೆಯೂ ಆಯಿತು ಎಂದು ಬರೆದಿಡುತ್ತೇನೆ. ಇಲ್ಲಿ ಸುಳ್ಳು ಬೇಡ.

ನಾನೂ ಇಳಿಸಿ ನೋಡಿದೆ. ತುಂಗಭದ್ರೆಯ ಕಡೆಯಿಂದ ಬಂದು ಆರು ಸಲ. ಆರು ಸಲವೂ ಗುಂಡಿಗೇ ಹೋಗುತ್ತೇನೆ. ಚಕ್ರ ಬಿದ್ದಾಗ ಪರದೆ ಗಡಗಡ ಅಲ್ಲಾಡುವಂತೆ ಮಾಡಿದ್ದಾಳೆ, ಪಾಪಿ. ಪ್ರತಿ ಸಲ ಪ್ಲಾಸ್ಟರಿನೊಳಗಿನ ಕಾಲು ತಾನೇ ಬಿಗಿಯುತ್ತದೆ.

೨೪ ನವೆಂಬರ್, ಸೋಮವಾರ

ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ಒಂದು ಉಪಾಯ ಮಾಡಿದೆ. ಶಿವಮೂರ್ತಪ್ಪ ಮಾಸ್ತರನ್ನು ಕರೆಸಿ, “ಈಗ ನೆನಪಾಯ್ತು ರೀ, ಆ ನಾಯಿ ಕೆಂದಲ್ಲ, ಕಪ್ಪು” ಎಂದೆ. ನಮ್ಮ ಬೀದಿಯಲ್ಲಿ ಕಪ್ಪು ನಾಯಿ ಇಲ್ಲ, ಅರ್ಜಿ ಅಲ್ಲಿಗೇ ಬಿದ್ದುಹೋಗುತ್ತದೆ ಎಂದು ನನ್ನ ಲೆಕ್ಕ.

ಮಾಸ್ತರು ಬಹಳ ಗಂಭೀರವಾದರು. “ಹಂಗಾದ್ರೆ ಎರಡು ನಾಯಿ ರೀ! ಗ್ಯಾಂಗ್ ಐತೆ.”

ಈಗ ಅರ್ಜಿಯಲ್ಲಿ ಕೆಂಚನ ಜೊತೆಗೆ ಹಿಂದಿನ ಬೀದಿಯ ಕರಿಯನ ಹೆಸರೂ ಸೇರಿದೆ. ಆ ಕರಿಯನನ್ನು ನಾನು ಕಣ್ಣಿನಿಂದಲೂ ಕಂಡಿಲ್ಲ. ಅಂಜುಮ್ ಹೊಟ್ಟೆ ಹಿಡಿದು ನಕ್ಕಳು, ನಕ್ಕು ಮುಗಿಸಿ ಲ್ಯಾಪ್‌ಟಾಪ್ ಮುಚ್ಚಿಕೊಂಡು ಹೋದಳು.

೨೮ ನವೆಂಬರ್, ಶುಕ್ರವಾರ

ನಾಳೆ ವ್ಯಾನ್. ಮಧ್ಯಾಹ್ನ ನಿರ್ಮಲಾಳಿಗೆ ಹೇಳಲೆಂದು ಬಾಯಿ ತೆರೆದೆ. ಮಾತ್ರೆ ಹಾಕಿ ನೀರು ಕುಡಿಸಿದಳು.

೨೯ ನವೆಂಬರ್, ಶನಿವಾರ

ಹನ್ನೊಂದು ಗಂಟೆಗೆ ವ್ಯಾನ್ ಬಂತು. ಹಿಂದಿನ ಬೀದಿಯ ಕರಿಯ ಬುದ್ಧಿವಂತ, ಶಬ್ದ ಕೇಳಿದೊಡನೆ ಪರಾರಿಯಾದ. ಕೆಂಚ ಓಡಲಿಲ್ಲ. ನಮ್ಮ ಗೇಟಿನ ಹತ್ತಿರ ಕೂತೇ ಇದ್ದ. ಇಷ್ಟು ಜನ ಒಟ್ಟಿಗೆ ಬಂದದ್ದು ತನಗೆ ರೊಟ್ಟಿ ಕೊಡುವುದಕ್ಕೇ ಎಂದುಕೊಂಡನೋ ಏನೋ, ಬಾಲ ಬೇರೆ ಅಲ್ಲಾಡಿಸಿದ. ಡ್ರೈವರ್ ನಿಂಗರಾಜ್ ಬಲೆ ಬಿಡಿಸುತ್ತ ಇಳಿದರು. ನಿರ್ಮಲಾ ಬಾಗಿಲ ಒಳಗಿನಿಂದ ಸೆರಗು ಬಾಯಿಗೆ ಹಿಡಿದು ನೋಡುತ್ತಿದ್ದಳು.

ಊರುಗೋಲು ಹಿಡಿದು ಹೇಗೆ ಅಂಗಳ ದಾಟಿದೆನೋ ಗೊತ್ತಿಲ್ಲ. ಗೇಟಿಗೆ ಬಂದು, “ನಿಲ್ಸ್ರಿ” ಎಂದೆ. “ನಾಯಿ ಅಡ್ಡ ಬಂದಿಲ್ಲ. ಕೆಂದೂ ಇಲ್ಲ, ಕಪ್ಪೂ ಇಲ್ಲ. ನಾನು ಗುಂಡಿಗೆ ಬಿದ್ದೆ.”

ಶಿವಮೂರ್ತಪ್ಪ ಮಾಸ್ತರು ಕಣ್ಣೊರೆಸಿಕೊಂಡು ಜನರ ಕಡೆ ತಿರುಗಿದರು. “ನೋಡ್ರಪ್ಪಾ! ಒಂದು ಮೂಕಪ್ರಾಣಿ ಉಳ್ಸೋಕೆ ಸುಳ್ ಹೇಳ್ತಿದಾರೆ. ಮನಸ್ಸು ಅಂದ್ರೆ ಇದು.”

ಯಾರೋ ಚಪ್ಪಾಳೆ ತಟ್ಟಿದರು. ಒಂದು ತಿಂಗಳು ಸುಳ್ಳು ಹೇಳಿದಾಗ ನಂಬಿದ ಜನ ನಿಜ ಹೇಳಿದ ಗಳಿಗೆಗೆ ನನ್ನನ್ನು ಸಂತನನ್ನಾಗಿ ಮಾಡಿ ನಿಲ್ಲಿಸಿದರು. ನಿಂಗರಾಜ್ ಬಲೆ ಹಿಡಿದು ಮತ್ತೆ ಒಂದು ಹೆಜ್ಜೆ ಇಟ್ಟರು. ನನಗೆ ಮೈಯೆಲ್ಲ ಉರಿಯಿತು.

“ನಾನು ಸಂತ ಅಲ್ರೀ!” ಎಂದು ಕೂಗಿದೆ. “ಆ ರಸ್ತೆ ಪಾಸ್ ಮಾಡಿದೋನು ನಾನು. ಸೆಂಡಾಫ್ ದಿನ ಹಾರ ಹಾಕ್ಕೊಂಡು ಕೂತಲ್ಲೇ ಸಹಿ ಮಾಡೀನಿ, ಹೋಗಿ ನೋಡ್ಲಿಲ್ಲ. ಪುಸ್ತಕದಾಗೆ ಐವತ್ತು ಮಿಲಿಮೀಟರ್ ಟಾರು. ಬಿದ್ದ ಮೇಲೆ ಮಲಗಿದ್ದಲ್ಲೇ ಗುಂಡಿ ಅಂಚಿಗೆ ಬೆರಳಿಟ್ಟು ಅಳತೆ ಮಾಡೀನಿ. ಇಪ್ಪತ್ತೂ ಇಲ್ಲ!”

ಈ ಸಲ ನಂಬಿದರು. ಅಂಕಿ ಹೇಳಿದರೆ ಜನ ನಂಬುತ್ತಾರೆ. ಚಪ್ಪಾಳೆ ತಟ್ಟಿದವರು ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಹಿಂದಕ್ಕೆ ಕಟ್ಟಿಕೊಂಡರು. ನಾನು ನೆಲ ನೋಡುತ್ತ ನಿಂತೆ.

ನಿಂಗರಾಜ್ ಒಬ್ಬರೇ ಧೈರ್ಯ ಮಾಡಿ ಕೇಳಿದರು. “ಅಲ್ರೀ ಸಾಹೇಬ್ರೇ, ನಾನು ಖಾಲಿ ಗಾಡಿ ವಾಪಸ್ ತಗೊಂಡ್ ಹೋಗಂಗಿಲ್ಲ. ಈಗ ಯಾರ್ನ ಹತ್ತಿಸ್ಲಿ?”

ಮಹಡಿಯ ಮೇಲಿನಿಂದ ಅಂಜುಮ್ ನಕ್ಕದ್ದು ಕೇಳಿಸಿತು. ಬೇರೆ ಯಾರೂ ನಗಲಿಲ್ಲ.

ನಿರ್ಮಲಾ ಹೊರಗೆ ಬಂದಳು. ಅವಳ ಕೈಯಲ್ಲಿ ನನ್ನ ಊಟಕ್ಕೆಂದು ಬಡಿದಿದ್ದ ಎರಡು ರೊಟ್ಟಿಗಳಿದ್ದವು. ಮುರಿದು ಕೆಂಚನ ಮುಂದೆ ಇಟ್ಟಳು. ನನ್ನ ಕಡೆ ತಿರುಗಿದಾಗ ಅವಳ ಕಣ್ಣು ತುಂಬಿತ್ತು. “ಒಂದ್ ತಿಂಗ್ಳು ಆ ಪ್ರಾಣಿಗೆ ನನ್ ಕೈಲಿ ಶಾಪ ಹಾಕ್ಸಿದ್ರಲ್ರೀ” ಎಂದಳು. ಕಾಲು ಮುರಿದಾಗಲೂ ನನಗೆ ಇಷ್ಟು ನೋವಾಗಿರಲಿಲ್ಲ.

೨ ಡಿಸೆಂಬರ್, ಮಂಗಳವಾರ

ನಿರ್ಮಲಾ ನನ್ನೊಂದಿಗೆ ಮಾತು ಬಿಟ್ಟಿದ್ದಾಳೆ. ನನಗೆ ಹೇಳಬೇಕಾದ್ದನ್ನೆಲ್ಲ ಕೆಂಚನಿಗೆ ಹೇಳುತ್ತಾಳೆ. “ಸಾರು ಆರ್ತಾ ಐತೆ ಕೆಂಚಾ, ಉಣ್ಣೋರು ಉಣ್ಬಹುದು” ಎಂದು.

ಶಿವಮೂರ್ತಪ್ಪ ಮಾಸ್ತರು ಎರಡು ದಿನ ಮುಖ ತೋರಿಸಲಿಲ್ಲ. ಇವತ್ತು ಹೊಸ ಅರ್ಜಿಯೊಂದಿಗೆ ಬಂದರು, ರಸ್ತೆಯ ಮೇಲೆ. ಹಳೆಯ ಉತ್ಸಾಹವೆಲ್ಲ ಮರಳಿದೆ. “ನಿಮ್ದು ಎರಡು ಸಹಿ ಬೇಕ್ರಿ. ಬಾಧಿತರು ಅಂತ ಇಲ್ಲೊಂದು, ಕಾರಣಕರ್ತರು ಅಂತ ಅಲ್ಲೊಂದು.” ಇಂಥ ಅರ್ಜಿ ಅವರ ಜೀವಮಾನದಲ್ಲೇ ಮೊದಲಂತೆ. ಮೂರನೆಯ ಪುಟದಲ್ಲಿ ರಸ್ತೆಯ ಅಗಲ ತಪ್ಪಾಗಿತ್ತು, ಏಳು ಮೀಟರ್ ಎಂದು ಬರೆದಿದ್ದರು. ಐದೂವರೆ ಎಂದು ತಿದ್ದಿಸಿದೆ. ಎರಡೂ ಕಡೆ ಸಹಿ ಹಾಕಿದೆ.

ಇದರಿಂದ ಮುಂದೆ ಏನಾಗುತ್ತದೋ ಗೊತ್ತಿಲ್ಲ. ಪೆನ್ಶನ್ನಿಗೆ ಕೈ ಹಾಕಿದರೂ ಹಾಕಬಹುದು. ಹೆದರಿಕೆ ಇದೆ.

೭ ಡಿಸೆಂಬರ್, ಭಾನುವಾರ

ಶುಕ್ರವಾರ ಪ್ಲಾಸ್ಟರ್ ಬಿಚ್ಚಿದರು. ಕಾಲು ಹೀರೇಕಾಯಿಯಂತಾಗಿದೆ. ಗೇಟಿನವರೆಗೆ ಹೋಗಿ ಬಂದೆ. ನಿರ್ಮಲಾ ಇವತ್ತು ನೇರವಾಗಿ ನನಗೇ “ಚಪ್ಲಿ ಹಾಕ್ಕೊಳ್ರಿ” ಎಂದಳು.

ಅಂಜುಮ್ ನಿಲ್ದಾಣವನ್ನು ಎಲ್ಲರಿಗೂ ಬಿಡುವ ದಿನ ಇವತ್ತು. ಒಂದು ವಾರ ತಡ, ವ್ಯಾನ್ ಬಂದುಹೋದ ಮೇಲೆ ನಾನು ಕೆಲಸಕ್ಕೆ ಕೂರಲಿಲ್ಲ, ಅದಕ್ಕೂ ನಾನೇ ಕಾರಣ. “ಈಗ ಗುಂಡಿ ತೆಗೀಲಾ ಅಂಕಲ್? ಹೇಳಿದ್ರಲ್ಲ, ಮಾತಂದ್ರೆ ಮಾತು” ಎಂದಳು.

“ಬ್ಯಾಡ, ಇರ್ಲಿ. ಅಲ್ಲಿ ಐತೆ ಅಂತ ಬರ್ದು ಬಿಡು. ಗೊತ್ತಿಲ್ದೇ ಬಂದೋರು ಬೀಳಬಾರ್ದು.”

ಹಾಗೆ ಬರೆಯಲು ಜಾಗವೇ ಇದೆಯಂತೆ. ಇಂಥದ್ದನ್ನು ಅಂತರ್ಜಾಲಕ್ಕೆ ಹಾಕುವಾಗ ಜೊತೆಗೆ ಒಂದು ಹಾಳೆ ಕಳಿಸುತ್ತಾರೆ. ಅದರ ಕೊನೆಯಲ್ಲಿ, ಮಾಡಿದವರಿಗೆ ಗೊತ್ತಿರುವ ದೋಷಗಳನ್ನೆಲ್ಲ ಅವರೇ ಬರೆದು ಒಪ್ಪಿಕೊಳ್ಳುವುದು ಅಲ್ಲಿಯ ರೂಢಿ. ಯಾರೂ ಅದಕ್ಕೆ ನಗುವುದಿಲ್ಲವಂತೆ, ಬರೆಯದಿದ್ದರೇ ಬೈಯುತ್ತಾರಂತೆ. ನಮ್ಮ ಇಲಾಖೆಯ ಯಾವ ಪುಸ್ತಕದಲ್ಲೂ ಅಂಥ ಒಂದು ಅಂಕಣ ನಾನು ಕಂಡಿರಲಿಲ್ಲ. ನಾನೇ ಬರೆಯುತ್ತೇನೆ ಎಂದು ಕಾಗದ, ಪೆನ್ನು ತೆಗೆದುಕೊಂಡೆ.

ಮೊದಲನೆಯದು, ರನ್‌ವೇಯ ಗುಂಡಿ. ಎರಡನೆಯದು, ಆ ಗುಂಡಿಯ ಮೂಲ ರಸ್ತೆ, ೨೦೧೯, ಸಹಿ ವಾಮದೇವಪ್ಪ. ಅಲ್ಲಿಗೆ ನಿಲ್ಲಬೇಕಿತ್ತು. ಆದರೆ ಇಪ್ಪತ್ತು ಪುಟ ಒಂದೇ ಅಳತೆ ಬರೆದ ಪುಸ್ತಕ ಯಾವುದೆಂದು ಆಗ ನೆನಪಾಯಿತು. ಅದನ್ನೂ ಬರೆದೆ. ಅದರ ಹಿಂದೆಯೇ ಸೇತುವೆ ಪಕ್ಕದ ಕೂಡು ರಸ್ತೆ ಬಂತು, ಅದರ ಹಿಂದೆ ಶಾಲೆಯ ಮುಂದಿನ ಚರಂಡಿ.

ಅಂಜುಮ್ ಬಗ್ಗಿ ಓದಿದಳು. “ಅಂಕಲ್, ಇದು ಬರೀ ವಿಮಾನ ನಿಲ್ದಾಣದ ಪಟ್ಟಿ ರೀ. ಜಿಲ್ಲೇದಲ್ಲ.”

“ಇನ್ನೊಂದು ಹಾಳೆ ಕೊಡವ್ವ” ಎಂದೆ.

ಅವಳು ಮೊದಲಿನ ಒಂದು ಸಾಲನ್ನಷ್ಟೇ ತೆಗೆದುಕೊಂಡು ನಿಲ್ದಾಣವನ್ನು ಬಿಟ್ಟಳು. ನಾನು ಬರೆಯುವುದನ್ನು ಬಿಡಲಿಲ್ಲ. ಈಗ ಹದಿನಾಲ್ಕಕ್ಕೆ ಬಂದಿದ್ದೇನೆ, ಹರಿಹರದ ಕಡೆಯದು ಇನ್ನೂ ಶುರುವಾಗಿಲ್ಲ.